ಅಮ್ಮ ಆಚೆ ಹೋದ ಮೇಲೆ ಶುರುವಾಗುವ ಪರೀಕ್ಷೆ

ನಾನು ಮೆಡಿಕಲ್ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಎರಡು ವರ್ಷದ ಮಗುವಿನ ಕಾಯಿಲೆಯ ಹಿಸ್ಟರಿಯನ್ನು ತಾಯಿಯಿಂದ ಕೇಳಿ ತೆಗೆಯೋದು ನಮ್ಮ ಹುಡುಗರಿಗೆ ಚೆನ್ನಾಗಿ ಬರುತ್ತದೆ. ಅದೇ ಕುರ್ಚಿಯಲ್ಲಿ ಹದಿನೈದರ ಹುಡುಗಿ ಕೂತರೂ ಪ್ರಶ್ನೆ ಹೋಗುವುದು ತಾಯಿಗೇ. ‘ಎಷ್ಟು ದಿನದಿಂದ ತಲೆನೋವು?’ ತಾಯಿ ಹೇಳುತ್ತಾರೆ. ‘ಊಟ ಸರಿಯಾಗಿ ಮಾಡ್ತಾಳಾ?’ ಅದಕ್ಕೂ ತಾಯಿಯೇ. ಹುಡುಗಿ ನೆಲ ನೋಡುತ್ತಾ ಕೂತಿರುತ್ತಾಳೆ.

2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂದಾಗ ಏಟ್‌ಕಾಮ್ (ನಡವಳಿಕೆ, ನೀತಿ, ಸಂವಹನ) ಅನ್ನುವ ಭಾಗವೂ ಸೇರಿತು. ರೋಗಿಯ ಜೊತೆ ಹೇಗೆ ಮಾತಾಡಬೇಕು ಅನ್ನುವುದನ್ನೂ ಈಗ ಕಲಿಸಬೇಕು, ಪರೀಕ್ಷೆ ಮಾಡಬೇಕು. ಹದಿಹರೆಯದವರ ವಿಷಯದಲ್ಲಿ ಇದನ್ನು ಅಳೆಯುವುದು ಹೇಗೆ? ನಾನು ಮಾಡಿಕೊಂಡ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಹದಿಹರೆಯದವರ ಜೊತೆ ಮಾತಾಡಲು ‘ಹೆಡ್ಸ್’ ಅನ್ನುವ ಒಂದು ಕ್ರಮವಿದೆ. 1988ರಲ್ಲಿ ಗೋಲ್ಡನ್‌ರಿಂಗ್ ಮತ್ತು ಕೋಹೆನ್ ಅನ್ನುವ ವೈದ್ಯರು ಇದರ ಬಗ್ಗೆ ಬರೆದರು. ಮೊದಲು ಮನೆ, ಓದು, ಹವ್ಯಾಸ. ಆಮೇಲೆ ಬೀಡಿ–ಸಿಗರೇಟು–ಕುಡಿತ, ಲೈಂಗಿಕ ವಿಷಯ, ಸಾಯುವ ಯೋಚನೆ. ಸುಲಭದ ಮಾತಿನಿಂದ ಕಷ್ಟದ ಮಾತಿಗೆ ಹೋಗುವ ದಾರಿ ಇದು. ಇದನ್ನೇ ಪಟ್ಟಿ ಮಾಡಿ, ಕೇಳಿದ ಪ್ರಶ್ನೆಗೊಂದು ಟಿಕ್ ಹಾಕಿದರೆ ಪರೀಕ್ಷೆ ಮುಗಿಯುತ್ತದೆ. ಆದರೆ ಬಾಯಿಪಾಠ ಮಾಡಿದವರಿಗೆಲ್ಲ ಪೂರ್ತಿ ಅಂಕ. ‘ಏನಾದ್ರೂ ಚಟ ಇದೆಯಾ?’ ಅಂತ ಕೇಳಿದರೂ ಒಂದು ಟಿಕ್. ಯಾವ ಹುಡುಗ ‘ಹೂಂ ಸರ್, ಇದೆ’ ಅಂತಾನೆ? ಅದರ ಬದಲು ‘ನಿಮ್ಮ ಕ್ಲಾಸಲ್ಲಿ ಗುಟ್ಕಾ, ಸಿಗರೇಟು ಇಟ್ಕೊಂಡು ಬರೋರು ಇದಾರಾ?’ ಅಂತ ಶುರು ಮಾಡಿ, ನಿಧಾನಕ್ಕೆ ‘ನೀನು ಯಾವಾಗ್ಲಾದ್ರೂ ತಗೊಂಡು ನೋಡಿದ್ಯಾ?’ ಅನ್ನುವಲ್ಲಿಗೆ ಬರಬೇಕು.

ನನ್ನ ಪರೀಕ್ಷೆಯಲ್ಲಿ ಒಬ್ಬರು ರೋಗಿಯಾಗಿ ನಟಿಸುತ್ತಾರೆ, ವಿದ್ಯಾರ್ಥಿ ಅವರ ಜೊತೆ ಮಾತಾಡಬೇಕು. ಹಾಗಾಗಿ ನಾನು ಮೊದಲು ಬರೆದದ್ದು ರೋಗಿಯ ಪಾತ್ರ, ಅಂಕಪಟ್ಟಿ ಆಮೇಲೆ. ಹತ್ತನೇ ಕ್ಲಾಸಿನ ಹುಡುಗಿ. ಪದೇ ಪದೇ ಹೊಟ್ಟೆನೋವು, ಪರೀಕ್ಷೆಗಳೆಲ್ಲ ನಾರ್ಮಲ್. ಅಮ್ಮ ಜೊತೆಗಿದ್ದಾರೆ, ಎಲ್ಲಕ್ಕೂ ಅವರೇ ಉತ್ತರ ಕೊಡುತ್ತಾರೆ. ಹುಡುಗಿಗೆ ನಿದ್ದೆ ಇಲ್ಲ, ಸ್ಕೂಲಿಗೆ ಹೋಗಲು ಭಯ, ಸತ್ತುಹೋದರೆ ಸಾಕು ಅಂತ ಕೆಲವು ಸಲ ಅನ್ನಿಸಿದೆ. ಇದನ್ನು ಅವಳು ಯಾವಾಗ ಹೇಳಬೇಕು ಅನ್ನುವುದೂ ಪಾತ್ರದಲ್ಲೇ ಇದೆ. ಅಮ್ಮ ಪಕ್ಕದಲ್ಲಿದ್ದರೆ ‘ಏನಿಲ್ಲ’. ಅಮ್ಮನನ್ನು ಕಳಿಸಿ, ಹೇಳಿದ್ದು ಗುಟ್ಟಾಗಿರುತ್ತದೆ ಅನ್ನುವ ಮಾತು ಆಡದೆ ಕೇಳಿದರೂ ‘ಏನಿಲ್ಲ’. ಅದನ್ನು ಹೇಳಿ, ಮೆಲ್ಲಗೆ ಕೇಳಿದರೆ ‘ನಿದ್ದೆ ಬರಲ್ಲ’ ಅಂತಾಳೆ. ಅಲ್ಲಿ ವಿದ್ಯಾರ್ಥಿ ಸುಮ್ನೆ ಕಾದರೆ ಮಾತ್ರ ಉಳಿದದ್ದು ಹೊರಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ‘ನಿದ್ದೆ ಬರಲ್ಲ’ ಅಂದ ಕೂಡಲೇ ‘ಮೊಬೈಲ್ ಜಾಸ್ತಿ ನೋಡ್ತೀಯಾ?’ ಅಂತ ಬರುತ್ತದೆ. ಅಲ್ಲಿಗೆ ಬಾಗಿಲು ಮುಚ್ಚಿತು.

ನಿಜವಾದ ಹದಿಹರೆಯದವರನ್ನು ಈ ಕುರ್ಚಿಯಲ್ಲಿ ನಾನು ಕೂರಿಸುವುದಿಲ್ಲ. ಸಾಯುವ ಮಾತನ್ನು ಒಂದು ಮಗುವಿನ ಬಾಯಲ್ಲಿ ಮತ್ತೆ ಮತ್ತೆ ಆಡಿಸುವುದು ಸರಿಯಲ್ಲ. ಹದಿನೆಂಟು ತುಂಬಿದ, ನಾಟಕದ ಗೀಳಿರುವ ಮೊದಲ ವರ್ಷದ ವಿದ್ಯಾರ್ಥಿನಿಯರು ಒಪ್ಪಿ ಮಾಡುತ್ತಾರೆ. ಅವರಿಗೂ ಇದು ಭಾರವೇ. ಕೆಲವು ಸರದಿ ಆದ ಮೇಲೆ ಬೇರೆಯವರನ್ನು ಕೂರಿಸುತ್ತೇನೆ. ಮುಗಿದ ಮೇಲೆ ಟೀ ಕುಡಿಯುತ್ತಾ ಅವರ ಜೊತೆ ಕೂತು ಮಾತಾಡುತ್ತೇನೆ. ಅಮ್ಮನ ಪಾತ್ರಕ್ಕೆ ನಮ್ಮ ವಾರ್ಡಿನ ಸಿಸ್ಟರ್ ಒಬ್ಬರಿದ್ದಾರೆ. ‘ನಮ್ಮ ಹತ್ರ ಅವಳು ಏನೂ ಮುಚ್ಚಿಡಲ್ಲ ಡಾಕ್ಟ್ರೇ’ ಅಂತ ಅವರು ಕುರ್ಚಿ ಬಿಡದೆ ಕೂತರೆ ಏಳಿಸುವುದು ಕಷ್ಟ! ‘ಈ ವಯಸ್ಸಿನ ಎಲ್ಲರ ಹತ್ರಾನೂ ಸ್ವಲ್ಪ ಹೊತ್ತು ಒಬ್ಬೊಬ್ಬರಾಗೇ ಮಾತಾಡ್ತೀವಿ ಅಮ್ಮಾ, ಆಮೇಲೆ ನಿಮ್ಮನ್ನೂ ಕರೀತೀನಿ’ ಅಂತ ಗೌರವದಿಂದ ಹೇಳಿದವರಿಗೆ ಅಂಕ.

ಗುಟ್ಟಿನ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ‘ಯಾರಿಗೂ ಹೇಳಲ್ಲ, ಪ್ರಾಮಿಸ್’ ಅಂದವರಿಗೆ ಆ ಸಾಲಿನಲ್ಲಿ ಸೊನ್ನೆ, ಎಷ್ಟೇ ಪ್ರೀತಿಯಿಂದ ಹೇಳಿರಲಿ. ಅದು ಉಳಿಸಿಕೊಳ್ಳಲಾಗದ ಮಾತು. ಜೀವಕ್ಕೆ ಅಪಾಯ ಇದ್ದರೆ ಮನೆಯವರಿಗೆ ಹೇಳಲೇಬೇಕು. ಹದಿನೆಂಟರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ನನಗೆ ಬೇಕಾದ ಮಾತು ಹೀಗಿದೆ: ‘ನೀನು ಹೇಳಿದ್ದು ನಮ್ಮಲ್ಲೇ ಇರುತ್ತೆ. ಆದ್ರೆ ನಿನ್ನ ಜೀವಕ್ಕೆ ಅಪಾಯ ಇದೆ, ಯಾರೋ ನಿನಗೆ ಹಿಂಸೆ ಕೊಡ್ತಿದ್ದಾರೆ ಅಂತ ಗೊತ್ತಾದ್ರೆ ಬೇರೆಯವರಿಗೂ ಹೇಳಬೇಕಾಗುತ್ತೆ. ಹೇಳೋ ಮೊದಲು ನಿನಗೆ ತಿಳಿಸ್ತೀನಿ.’ ಇಷ್ಟು ಕೇಳಿದ ಮೇಲೂ ಮಕ್ಕಳು ಮಾತಾಡುತ್ತಾರೆ. ಓಪಿಡಿಯಲ್ಲಿ ನಾನು ಕಂಡಿದ್ದೇನೆ.

ಒಟ್ಟು 20 ಅಂಕ. ಪಟ್ಟಿಗೆ 10. ಒಟ್ಟಾರೆ ಮಾತುಕತೆ ಹೇಗಿತ್ತು ಅನ್ನುವ ಪರೀಕ್ಷಕರ ತೀರ್ಮಾನಕ್ಕೆ 6. ಉಳಿದ 4 ಅಂಕ ಪಾತ್ರ ಮಾಡಿದ ಹುಡುಗಿಯ ಕೈಯಲ್ಲಿ. ಅವಳಿಗೆ ಒಂದೇ ಪ್ರಶ್ನೆ: ‘ಈ ಡಾಕ್ಟರ್ ಹತ್ರ ಮತ್ತೆ ಬರ್ತೀಯಾ?’ ಮಾಮೂಲಿ ಸ್ಟೇಷನ್ನಿಗೆ, ಅಂದರೆ ಪರೀಕ್ಷೆಯ ಒಂದೊಂದು ಸುತ್ತಿಗೆ, ಕೊಡುವ ಐದು ನಿಮಿಷ ಇದಕ್ಕೆ ಸಾಲದು, ಹತ್ತು ಬೇಕು. ಪರೀಕ್ಷಕರಿಬ್ಬರೂ ಮೊದಲು ಒಂದೇ ವಿಡಿಯೋ ನೋಡಿ, ಬೇರೆ ಬೇರೆಯಾಗಿ ಅಂಕ ಹಾಕಿ, ವ್ಯತ್ಯಾಸ ಬಂದಲ್ಲಿ ಜಗಳವಾಡಿಯಾದರೂ ಒಂದು ಮಾತಿಗೆ ಬರಬೇಕು. ಇಲ್ಲದಿದ್ದರೆ ಒಬ್ಬರಿಗೆ ಕಾಯುವುದಾಗಿ ಕಂಡದ್ದು ಇನ್ನೊಬ್ಬರಿಗೆ ತಡವರಿಸುವುದಾಗಿ ಕಾಣುತ್ತದೆ.

ಒಬ್ಬ ವಿದ್ಯಾರ್ಥಿನಿ ಪಟ್ಟಿಯ ಅರ್ಧ ಪ್ರಶ್ನೆಯನ್ನೂ ಕೇಳಲಿಲ್ಲ. ‘ನಿದ್ದೆ ಬರಲ್ಲ’ ಅಂದಾಗ ಪೆನ್ನು ಕೆಳಗಿಟ್ಟಳು, ಕುರ್ಚಿ ಸ್ವಲ್ಪ ಪಕ್ಕಕ್ಕೆ ತಿರುಗಿಸಿದಳು, ಸುಮ್ಮನಿದ್ದಳು. ಆಮೇಲೆ ‘ತುಂಬಾ ದಿನದಿಂದ ಒಬ್ಬಳೇ ಇದನ್ನ ಹೊತ್ಕೊಂಡಿದೀಯ ಅನ್ಸುತ್ತೆ’ ಅಂದಳು. ಸಾಯುವ ಮಾತು ಹೊರಬಂತು. ಅವಳು ಗಾಬರಿಯಾಗದೆ, ಏನಾದರೂ ಮಾಡಿಕೊಳ್ಳಲು ಯೋಚಿಸಿದ್ದೀಯಾ ಅಂತ ನೇರವಾಗಿ ಕೇಳಿದಳು. ಹೀಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಆಗುತ್ತದೆ ಅಂತ ಎಷ್ಟೋ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಬರೀ ಟಿಕ್ ಲೆಕ್ಕ ಹಾಕಿದ್ದರೆ ಅವಳು ಫೇಲ್ ಆಗುತ್ತಿದ್ದಳು. ಆ ಸಲದ ಬ್ಯಾಚಿನಲ್ಲಿ ನಿಮ್ಮ ಸ್ವಂತ ಮಗಳನ್ನು ಯಾರ ಹತ್ತಿರ ಕಳಿಸುತ್ತೀರಿ ಅಂತ ಕೇಳಿದರೆ ನಾನು ಅವಳ ಹೆಸರೇ ಹೇಳುತ್ತೇನೆ.

ಈಗ ಹುಡುಗನ ಕೇಸ್ ಒಂದನ್ನು ಬರೆಯುತ್ತಿದ್ದೇನೆ. ಪಿಯುಸಿ ಹುಡುಗ, ಬೈಕಿಂದ ಬಿದ್ದು ಕೈಗೆ ಪೆಟ್ಟು, ಜೊತೆಗೆ ಬಂದಿರುವುದು ಅಪ್ಪ. ಅಪ್ಪನನ್ನು ಆಚೆ ಕಳಿಸಿದ ಮೇಲೂ ಅವನು ಒಂದೊಂದೇ ಪದದಲ್ಲಿ ಉತ್ತರ ಕೊಡುತ್ತಾನೆ. ಅವನ ಬಾಯಿ ಬಿಡಿಸುವ ಮಾತು ಯಾವುದಿರಬೇಕು ಅಂತ ನಮ್ಮ ಹೌಸ್ ಸರ್ಜನ್ ಹುಡುಗರನ್ನೇ ಕೂರಿಸಿಕೊಂಡು ಕೇಳುತ್ತಿದ್ದೇನೆ.