ಕಾಡುವ ಸಿನಿಮಾವನ್ನು ಊರಲ್ಲಿ ತೋರಿಸುವುದು ಹೇಗೆ

ಸಿನಿಮಾ ನಗಿಸಬೇಕೋ, ಕಾಡಬೇಕೋ? ಚಿತ್ರಸಮಾಜ, ಅಂದರೆ ಒಳ್ಳೆಯ ಸಿನಿಮಾ ಒಟ್ಟಿಗೆ ನೋಡಿ ಮಾತಾಡುವ ಕೂಟ, ಕಟ್ಟಲು ಹೊರಟವರ ಮೊದಲ ಸಭೆಯಲ್ಲೇ ಈ ಜಗಳ ಏಳುತ್ತದೆ. ಅಲ್ಲೇ ತೀರ್ಮಾನ ಮಾಡಲು ಕೂರಬೇಡಿ. ಎರಡು ಚಿತ್ರ ಆರಿಸಿ, ಒಂದು ತಿಂಗಳ ಅಂತರದಲ್ಲಿ ತೋರಿಸಿ.

ಮೊದಲನೆಯದು 'ತಿಥಿ'. 2016ರಲ್ಲಿ ಚಿತ್ರಮಂದಿರಕ್ಕೆ ಬಂದ ಇದರಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಗರೇ. ಸೆಂಚುರಿ ಗೌಡನ ಸಾವು, ಅವನ ಮಗ ಗಡ್ಡಪ್ಪನ ತಿರುಗಾಟ, ಜಮೀನಿಗಾಗಿ ಗಡ್ಡಪ್ಪನ ಮಗ ತಮ್ಮಣ್ಣ ಪಡುವ ಪಾಡು ಜನರನ್ನು ನಗಿಸುತ್ತಲೇ ಹೋಗುತ್ತವೆ. ಆಮೇಲೆ ಕುರಿಗಾಹಿಗಳ ನಡುವೆ ಕೂತ ಗಡ್ಡಪ್ಪ ತನ್ನ ಹಳೆಯ ಕಥೆ ತೆಗೆಯುತ್ತಾನೆ. ಅಲ್ಲಿ ನಗು ನಿಲ್ಲುತ್ತದೆ. ಆ ಕಥೆ ಏನೆಂದು ಮೊದಲೇ ಬಾಯಿಬಿಟ್ಟರೆ ನೀವೇ ಚಿತ್ರ ಕೆಡಿಸಿದಂತೆ.

ಎರಡನೆಯದು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977). ದೇಶದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಪಡೆದ ಚಿತ್ರ. ಆದರೆ ಪೋಸ್ಟರ್‌ನಲ್ಲಿ ಪ್ರಶಸ್ತಿಯನ್ನೇ ದೊಡ್ಡದಾಗಿ ಹಾಕಿದರೆ ಜನ ಪಾಠ ಕೇಳಲು ಬಂದವರಂತೆ ಬಿಗಿಯಾಗಿ ಕೂರುತ್ತಾರೆ. 'ವಿಧವೆ ಯಮುನೆಯ ಪಾಡನ್ನು ಕಂಡ ಹುಡುಗ ನಾಣಿಯ ಕಥೆ' ಎಂದರೆ ಸಾಕು. ನಮ್ಮ ಜನಕ್ಕೆ ಇಂಥದ್ದು ಹಿಡಿಸಲ್ಲ ಎನ್ನುವವರಿಗೆ ಹೆಗ್ಗೋಡನ್ನು ನೆನಪಿಸಿ: ನೀನಾಸಂ ರಂಗಸಂಸ್ಥೆ ಆ ಹಳ್ಳಿಯಲ್ಲಿ 1973ರಲ್ಲೇ ಚಿತ್ರಸಮಾಜ ಶುರು ಮಾಡಿತ್ತು.

ಡಿವಿಡಿ ಕೊಂಡ ಮಾತ್ರಕ್ಕೆ ಸಾರ್ವಜನಿಕವಾಗಿ ತೋರಿಸುವ ಹಕ್ಕು ಬರುವುದಿಲ್ಲ. ಹಕ್ಕುದಾರರಿಂದ ಲಿಖಿತ ಒಪ್ಪಿಗೆ ತರಿಸಿಕೊಳ್ಳಿ.

ಅರವತ್ತು ಕುರ್ಚಿಯ ಕೋಣೆಗೆ 10 ಅಡಿ ಅಗಲದ ಪರದೆ, 3,000 ಲ್ಯೂಮೆನ್ಸ್‌ಗೆ (ಬೆಳಕಿನ ಅಳತೆ) ಕಡಿಮೆಯಿಲ್ಲದ ಪ್ರೊಜೆಕ್ಟರ್ ಸಾಕು. ಪ್ರೊಜೆಕ್ಟರ್‌ನ ಥ್ರೋ ರೇಶಿಯೊ (ಪರದೆಯ ಅಗಲದ ಎಷ್ಟು ಪಟ್ಟು ದೂರ ಇಡಬೇಕೆಂಬ ಲೆಕ್ಕ) 1.5 ಇದ್ದರೆ ಅದನ್ನು ಪರದೆಯಿಂದ 15 ಅಡಿ ದೂರ ಇಡಿ. ಪರದೆಯ ಕೆಳಅಂಚು ನೆಲದಿಂದ 4 ಅಡಿ ಮೇಲಿರಲಿ. ಇಲ್ಲದಿದ್ದರೆ ಸಬ್‌ಟೈಟಲ್ ಮುಂದಿನವರ ತಲೆಯ ಹಿಂದೆ ಮರೆಯಾಗುತ್ತದೆ. ಹಳೆಯ ಕಪ್ಪು-ಬಿಳುಪು ಚಿತ್ರ ಹಾಕುವಾಗ ಮುಖಗಳು ಅಗಲವಾಗಿ ಊದಿಕೊಂಡಂತೆ ಕಂಡರೆ ಪ್ರೊಜೆಕ್ಟರ್ ಚಿತ್ರವನ್ನು 16:9ರ ಅಗಲ-ಎತ್ತರದ ಅಳತೆಗೆ ಎಳೆದಿದೆ ಎಂದರ್ಥ. ಆಸ್ಪೆಕ್ಟ್ ಸೆಟ್ಟಿಂಗನ್ನು 4:3ಕ್ಕೆ ತನ್ನಿ, ಎರಡು ಬದಿ ಕಪ್ಪಾಗಿದ್ದರೆ ಇರಲಿ. ಸ್ಪೀಕರ್ 'ಗುಂಯ್' ಎಂದರೆ ಲ್ಯಾಪ್‌ಟಾಪ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಹಾಕಿ ನೋಡಿ. ಹಿಂದಿನ ದಿನ ಅದೇ ಫೈಲನ್ನು ಅದೇ ಲ್ಯಾಪ್‌ಟಾಪ್‌ನಲ್ಲಿ ಕೊನೆಯವರೆಗೂ ಓಡಿಸಿ.

ಪರಿಚಯದ ಮಾತು ಮೂರು ನಿಮಿಷ. ಮುಖ್ಯ ಅತಿಥಿ, ಶಾಲು, ಹಾರ ಯಾವುದೂ ಬೇಡ. ಅರ್ಧ ಗಂಟೆಯ ಭಾಷಣ ಕೇಳಿ ದಣಿದ ಜನ ಒಳ್ಳೆಯ ಚಿತ್ರವನ್ನೂ ಬೈಯುತ್ತಾರೆ, ಬೈಗುಳ ಬೀಳುವುದು ಮಾತ್ರ ನಿರ್ದೇಶಕನಿಗೆ. ಇಂಟರ್ವಲ್ ಕೊಡಬೇಡಿ.

ಚಿತ್ರ ಮುಗಿದ ಕೂಡಲೇ ಟ್ಯೂಬ್‌ಲೈಟ್ ಹಾಕುವುದು ಎಲ್ಲೆಡೆ ಆಗುವ ತಪ್ಪು. ಕಣ್ಣು ಒರೆಸಿಕೊಳ್ಳುತ್ತಿದ್ದವರು ಮುಜುಗರಪಟ್ಟು ಎದ್ದೇ ಹೋಗುತ್ತಾರೆ. ಹೆಸರುಗಳೆಲ್ಲ ಪೂರ್ತಿ ಉರುಳಲಿ, ಮೊದಲು ಬಾಗಿಲ ಬಳಿಯ ಒಂದು ದೀಪ ಹಚ್ಚಿ, ಎರಡು ನಿಮಿಷ ಯಾರೂ ಮೈಕ್ ಹಿಡಿಯಬೇಡಿ. ಚಹಾ ಆಗಲೇ ಸಿದ್ಧವಿರಲಿ.

'ಈ ಚಿತ್ರದ ಸಂದೇಶವೇನು?' ಎಂದು ಚರ್ಚೆ ಶುರು ಮಾಡಿದಿರೋ, ಕೋಣೆ ತರಗತಿಯಾಗುತ್ತದೆ; ಮೇಷ್ಟರುಗಳು ಮಾತ್ರ ಮಾತಾಡುತ್ತಾರೆ. 'ಎಲ್ಲಿ ನಕ್ಕಿರಿ? ನಗು ಎಲ್ಲಿ ನಿಂತಿತು?' ಎಂದು ಕೇಳಿ. 'ಘಟಶ್ರಾದ್ಧ'ಕ್ಕಾದರೆ 'ನಾಣಿಯ ಜಾಗದಲ್ಲಿ ನೀವಿದ್ದಿದ್ದರೆ?' ಎಂಬುದು ಸಾಕು. ಮೊದಲು ಹಿಂದಿನ ಸಾಲಿನಿಂದ ಕೇಳಿ. ಒಬ್ಬರಿಗೆ ಎರಡು ನಿಮಿಷ, ಒಟ್ಟು ಅರ್ಧ ಗಂಟೆ.

ನಡುವೆ ಎದ್ದು ಹೋದವರನ್ನು ಬಾಗಿಲಲ್ಲಿ ತಡೆದು ಕಾರಣ ಕೇಳಬೇಡಿ. ಮುಂದಿನ ತಿಂಗಳ ಚಿತ್ರದ ಹೆಸರು, ಹೊತ್ತು ಬರೆದ ಚೀಟಿಗಳನ್ನು ಅಲ್ಲೇ ಒಂದು ಸ್ಟೂಲಿನ ಮೇಲೆ ಇಟ್ಟಿರಿ.