ಬಿಸಿಲು ಅಳೆಯುವ ಶಿಬಿರ: ಹೈಸ್ಕೂಲ್ ಮಕ್ಕಳ ಜೊತೆ ನಡೆಸುವುದು ಹೇಗೆ?

ಬೇಸಿಗೆ ರಜೆ ಬಂತೆಂದರೆ ಶಿಬಿರಗಳ ಸುಗ್ಗಿ. ಹವಾಮಾನ, ಆರೋಗ್ಯ ಅಂತ ಹೆಸರಿಟ್ಟುಕೊಂಡ ಶಿಬಿರಗಳೂ ಈಗ ಜಾಸ್ತಿಯಾಗಿವೆ. ನಾನು ನೋಡಿದವು ಹೆಚ್ಚುಕಡಿಮೆ ಒಂದೇ ತರಹ: ಫ್ಲೆಕ್ಸ್ ಬ್ಯಾನರು, ದೀಪ ಬೆಳಗುವುದು, ಅತಿಥಿಗಳ ಭಾಷಣ, ಪ್ರೊಜೆಕ್ಟರಿನಲ್ಲಿ ಕರಗುವ ಹಿಮ, ಕೊನೆಗೆ ಚಿತ್ರಕಲಾ ಸ್ಪರ್ಧೆ. ಕಲಬುರಗಿಯ ಹುಡುಗ ಹಿಮಕರಡಿ ಬರೆದು ಬಹುಮಾನ ತಗೊಂಡು ಹೋಗುತ್ತಾನೆ. ರಾತ್ರಿ ತಗಡಿನ ಸೂರಿನ ಕೆಳಗೆ ನಿದ್ದೆ ಬಾರದೆ ಹೊರಳಾಡುತ್ತಾನೆ. ಆ ಸೂರಿನ ಕೆಳಗೆ ಎಷ್ಟು ಡಿಗ್ರಿ ಇತ್ತು ಅಂತ ಶಿಬಿರದಲ್ಲಿ ಯಾರೂ ಕೇಳಿರುವುದಿಲ್ಲ.

ಅದನ್ನೇ ಕೇಳುವ ಒಂದು ವಾರದ ಶಿಬಿರವನ್ನು ನಿಮ್ಮ ಶಾಲೆಯಲ್ಲೋ ಊರಿನ ಗ್ರಂಥಾಲಯದಲ್ಲೋ ನಡೆಸಬಹುದು. ಖರ್ಚು ಹೆಚ್ಚಿಲ್ಲ. ಕಲಬುರಗಿ, ರಾಯಚೂರು ಕಡೆಯ ಬಿಸಿಲನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ. ಕರಾವಳಿಯವರಿಗೆ ಲೆಕ್ಕ ಬೇರೆ, ಅದೂ ಮುಂದೆ ಬರುತ್ತದೆ.

1. ಮಕ್ಕಳು, ಸಮಯ, ಅನುಮತಿ

ಎಂಟು, ಒಂಬತ್ತನೇ ತರಗತಿಯ ಇಪ್ಪತ್ತು ಮಕ್ಕಳು ಸಾಕು. ನಾಲ್ಕು ನಾಲ್ಕು ಜನರ ಗುಂಪು ಮಾಡಿ. ಪೋಷಕರಿಂದ ಒಪ್ಪಿಗೆ ಪತ್ರ ತಗೊಳ್ಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲೇ ಹೇಳಿಡಿ. ಬೆಳಿಗ್ಗೆ 7ರಿಂದ 11, ಅಷ್ಟೇ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ಮಕ್ಕಳನ್ನು ಮೂರು ಗಂಟೆಯವರೆಗೆ ಕೂರಿಸುವುದು ಯಾವ ನ್ಯಾಯ? ಕುಡಿಯಲು ಮಜ್ಜಿಗೆ ಅಥವಾ ಜೋಳದ ಅಂಬಲಿ. ಕೂಲ್‌ಡ್ರಿಂಕ್ಸ್ ಪ್ರಾಯೋಜಕರು ಬಂದರೆ ಕೈಮುಗಿದು ಕಳಿಸಿ.

2. ತಾಪಮಾನ ಅಳೆಯುವುದು (ಎಲ್ಲರೂ ಎಡವುವುದು ಇಲ್ಲೇ)

ಶಿಬಿರದ ಜೀವ ಇರುವುದು ಇದರಲ್ಲಿ. ಎರಡು ದಿನ ಪೂರ್ತಿ ಇದಕ್ಕೇ ಕೊಡಿ.

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಥರ್ಮಾಮೀಟರನ್ನು ಬಿಸಿಲಲ್ಲಿ ಹಿಡಿದು ನಿಲ್ಲುತ್ತಾರೆ. 52 ತೋರಿಸುತ್ತದೆ. ಎಲ್ಲರೂ ಹೌಹಾರುತ್ತಾರೆ, ಫೋಟೊ ವಾಟ್ಸಾಪಿಗೆ ಹೋಗುತ್ತದೆ. ಆದರೆ ಅದು ಗಾಳಿಯ ತಾಪಮಾನ ಅಲ್ಲವೇ ಅಲ್ಲ. ಬಿಸಿಲಿಗೆ ಕಾದ ಆ ಗಾಜಿನದೇ ತಾಪಮಾನ. ಹವಾಮಾನ ಇಲಾಖೆಯವರು ಥರ್ಮಾಮೀಟರನ್ನು ಬಿಳಿ ಬಣ್ಣದ, ಸಂದುಗಳಿರುವ ಮರದ ಪೆಟ್ಟಿಗೆಯಲ್ಲಿ ಇಡುವುದು ಇದೇ ಕಾರಣಕ್ಕೆ. ಸ್ಟೀವನ್‌ಸನ್ ಪೆಟ್ಟಿಗೆ ಅಂತ ಅದರ ಹೆಸರು. ಒಳಗೆ ಬಿಸಿಲು ಬೀಳುವುದಿಲ್ಲ, ಗಾಳಿ ಮಾತ್ರ ಆಡುತ್ತದೆ.

ನಮಗೆ ಪೆಟ್ಟಿಗೆ ಬೇಡ, ಬೇವಿನ ಮರ ಸಾಕು. ದಟ್ಟ ನೆರಳು ಇರಬೇಕು, ಕೆಳಗೆ ಮಣ್ಣಿನ ನೆಲ ಇರಬೇಕು, ಗೋಡೆ ದೂರ ಇರಬೇಕು. ಸಿಮೆಂಟ್ ಅಂಗಳ, ನಿಂತ ಬೈಕು, ಬಿಸಿಲು ಬಿದ್ದ ಗೋಡೆ ಎಲ್ಲವೂ ಶಾಖ ಉಗುಳುತ್ತವೆ. ಎತ್ತರ ಮಕ್ಕಳ ಎದೆಯ ಮಟ್ಟ, ಅಂದರೆ ನಾಲ್ಕು ಅಡಿಗಿಂತ ಸ್ವಲ್ಪ ಮೇಲೆ. ಕೊಂಬೆಗೆ ದಾರ ಕಟ್ಟಿ ತೂಗುಬಿಡಿ, ಹತ್ತು ನಿಮಿಷ ಬಿಟ್ಟು ಓದಿ. ಕಣ್ಣು ಗೆರೆಯ ಮಟ್ಟಕ್ಕೇ ಇರಲಿ. ಬುರುಡೆ, ಅಂದರೆ ತುದಿಯಲ್ಲಿ ದ್ರವ ತುಂಬಿದ ಗುಂಡು, ಮುಟ್ಟಬಾರದು, ಹತ್ತಿರ ಬಾಯಿಟ್ಟು ಉಸಿರು ಬಿಡಬಾರದು. ಮಕ್ಕಳು ಎರಡನ್ನೂ ಮಾಡುತ್ತಾರೆ, ನೋಡ್ತಾ ಇರಿ.

ಕೊಳ್ಳುವಾಗ ಕೆಂಪು ದ್ರವದ ಲ್ಯಾಬ್ ಥರ್ಮಾಮೀಟರನ್ನೇ ಕೊಳ್ಳಿ. ಪಾದರಸದ್ದು ಬೇಡ, ಮಕ್ಕಳ ಕೈಯಲ್ಲಿ ಒಡೆಯುವುದು ಖಂಡಿತ. ತಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಪುಡಿ ಮಾಡಿದ ಐಸು ಮತ್ತು ನೀರಿನಲ್ಲಿ ಅದ್ದಿ. ಸೊನ್ನೆ ತೋರಿಸಬೇಕು. ಒಂದು, ಒಂದೂವರೆ ಡಿಗ್ರಿ ಆಚೆಈಚೆ ಇರುವುದನ್ನು ಬಿಸಾಡಬೇಡಿ, ಎಷ್ಟು ತಪ್ಪು ಅಂತ ಚೀಟಿ ಅಂಟಿಸಿ. ತೀರಾ ಹೆಚ್ಚಾದರೆ ಅಂಗಡಿಗೆ ವಾಪಸ್.

ಈಗ ಕಷ್ಟದ ಭಾಗ, ಒದ್ದೆ ಬುರುಡೆ. ಬರೀ ತಾಪಮಾನ ನೋಡಿದರೆ ಮೈಗೆ ಆಗುವ ಹಿಂಸೆ ಗೊತ್ತಾಗುವುದಿಲ್ಲ. ನಮ್ಮ ಮೈ ತಣ್ಣಗಾಗುವುದು ಬೆವರು ಆರುವುದರಿಂದ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಎಷ್ಟು ಆರಬಲ್ಲದು ಎಂಬುದನ್ನು ಒದ್ದೆ ಬುರುಡೆ ಹೇಳುತ್ತದೆ.

ಒಂದೇ ತರಹದ ಎರಡು ಥರ್ಮಾಮೀಟರನ್ನು ಪಕ್ಕಪಕ್ಕ ಒಂದು ಪಟ್ಟಿಗೆ ಕಟ್ಟಿ. ಒಂದರ ಬುರುಡೆಗೆ ಹಳೆಯ ಹತ್ತಿ ಪಂಚೆಯ ತೆಳು ತುಂಡು ಸುತ್ತಿ. ಹಳೆಯದೇ ಇರಲಿ, ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಹೀರುವುದಿಲ್ಲ. ಹೊಸದೇ ಗತಿ ಅಂದರೆ ವಾಷಿಂಗ್ ಸೋಡಾ ಹಾಕಿ ಕುದಿಸಿ, ಚೆನ್ನಾಗಿ ಜಾಲಿಸಿ. ಒಂದೇ ಸುತ್ತು ಸಾಕು, ದಪ್ಪ ಮಾಡಬೇಡಿ. ಬಟ್ಟೆಯ ತುದಿ ಒಂದು ಸಣ್ಣ ಬಾಟಲಿಯ ನೀರಿನಲ್ಲಿ ಇಳಿಬಿದ್ದಿರಲಿ. ಬೋರ್‌ವೆಲ್ ನೀರು ಬೇಡ. ಎರಡೇ ದಿನದಲ್ಲಿ ಬಟ್ಟೆಗೆ ಬಿಳಿ ಉಪ್ಪು ಕಟ್ಟಿ ಗಟ್ಟಿಯಾಗುತ್ತದೆ. ಗ್ಯಾರೇಜಿನಲ್ಲಿ ಸಿಗುವ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ಒಳ್ಳೆಯದು. ಮಡಕೆಯ ತಣ್ಣೀರನ್ನಂತೂ ಹಾಕಲೇಬೇಡಿ, ನೀರು ಗಾಳಿಯಷ್ಟೇ ಬೆಚ್ಚಗಿರಬೇಕು.

ಆಮೇಲೆ ಬೀಸಣಿಗೆ. ಸುಮ್ನೆ ಬಿಟ್ಟರೆ ಬಟ್ಟೆಯ ಸುತ್ತ ತೇವದ ಗಾಳಿ ನಿಂತುಬಿಡುತ್ತದೆ, ಓದು ತಪ್ಪುತ್ತದೆ. ರಟ್ಟಿನಿಂದ ಬಿಡದೆ ಬೀಸಬೇಕು. ಕೆಂಪು ಗೆರೆ ಇಳಿಯುತ್ತದೆ, ಇಳಿಯುತ್ತದೆ, ಒಂದು ಕಡೆ ನಿಲ್ಲುತ್ತದೆ. ನಿಂತ ಕೂಡಲೇ ಒದ್ದೆಯದನ್ನು ಮೊದಲು ಓದಿ, ಒಣಗಿದ್ದನ್ನು ನಂತರ. ಕೈಸೋತು ಬೀಸುವುದು ಅರ್ಧಕ್ಕೆ ನಿಲ್ಲಿಸುವುದೇ ಇಲ್ಲಿಯ ದೊಡ್ಡ ತಪ್ಪು.

ಈ ಎರಡು ಅಂಕಿಯಿಂದ ಕೋಷ್ಟಕ ನೋಡಿ ತೇವಾಂಶ ತೆಗೆಯಬಹುದು. ಮಕ್ಕಳಿಗೆ ಈ ಹೋಲಿಕೆ ಮಾಡಿಸಿ: 41 ಡಿಗ್ರಿ ಬಿಸಿಲು, ಶೇ 20 ತೇವಾಂಶ ಇರುವ ಕಲಬುರಗಿಯಲ್ಲಿ ಒದ್ದೆ ಬುರುಡೆ ಸುಮಾರು 23 ತೋರಿಸುತ್ತದೆ. 34 ಡಿಗ್ರಿ, ಶೇ 70 ತೇವಾಂಶ ಇರುವ ಮಂಗಳೂರಿನಲ್ಲಿ ಸುಮಾರು 29. ಮಂಗಳೂರಿನವರು '34ಕ್ಕೇ ಸತ್ತೆವು' ಅಂದರೆ ನಗುವ ಹಾಗಿಲ್ಲ. ಒದ್ದೆ ಬುರುಡೆ 35 ಮುಟ್ಟಿದರೆ ನೆರಳಲ್ಲಿ ಸುಮ್ಮನೆ ಕೂತ ಗಟ್ಟಿಮುಟ್ಟಾದ ಮನುಷ್ಯನೂ ಗಂಟೆಗಟ್ಟಲೆ ತಾಳಲಾರ ಎಂಬುದು ವಿಜ್ಞಾನಿಗಳ ಲೆಕ್ಕ. ಆಮೇಲಿನ ಪ್ರಯೋಗಗಳಲ್ಲಿ ಮೈ ಸೋಲುವುದು ಅದಕ್ಕಿಂತ ಕೆಳಗೇ ಅಂತ ಕಂಡಿದೆ. ಹಾಗಂತ ಕಲಬುರಗಿಯ ಒಣ ಬಿಸಿಲು ಸಲೀಸು ಅಂತಲ್ಲ. ಅಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಮೈ ಒಣಗಿದ್ದು ಗೊತ್ತೇ ಆಗುವುದಿಲ್ಲ.

ಫೋನು ನೋಡಿ ಬರೆಯುವ ಅಡ್ಡದಾರಿ ಬೇಡ. ಫೋನ್ ಹೇಳುವುದು ನಿಮ್ಮ ಓಣಿಯ ತಾಪಮಾನ ಅಲ್ಲ.

ಇನ್ನೊಂದು ಸಾಮಾನು: ಕೊರೊನಾ ಕಾಲದಲ್ಲಿ ತಂದ ಹಣೆಗೆ ಹಿಡಿಯುವ ಗನ್ನು ಎಷ್ಟೋ ಶಾಲೆಗಳ ಬೀರುವಿನಲ್ಲಿದೆ. ಅದನ್ನು ತಗಡಿಗೆ ಹಿಡಿದು ಅಳೆಯುತ್ತಾರೆ. ಅದು ಮೈಜ್ವರದ ಆಸುಪಾಸು ಮಾತ್ರ ಓದುವ ಸಾಧನ, ತಗಡಿಗೆ ಕೆಲಸಕ್ಕೆ ಬಾರದು. ಕೈಗಾರಿಕೆಗೆ ಬಳಸುವ ಗನ್ನು ಬೇರೆಯೇ ಸಿಗುತ್ತದೆ. ಅದೂ ಹೊಳೆಯುವ ತಗಡಿನ ಮೇಲೆ ಸುಳ್ಳು ಹೇಳುತ್ತದೆ. ಕರೆಂಟಿನವರ ಕಪ್ಪು ಟೇಪು ಒಂದು ತುಂಡು ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು ಟೇಪಿನ ಮೇಲೆ ಹಿಡಿಯಿರಿ.

3. ಮನೆಯ ಲೆಕ್ಕ

ಪ್ರತಿ ಗುಂಪು ಒಂದೊಂದು ತರಹದ ಮನೆ ತಗೊಳ್ಳಲಿ: ತಗಡು, ಸಿಮೆಂಟ್ ಶೀಟು, ಆರ್‌ಸಿಸಿ, ಮಣ್ಣಿನ ಮಾಳಿಗೆ. ಬೆಳಿಗ್ಗೆ 8, ಮಧ್ಯಾಹ್ನ ಎರಡೂವರೆ, ರಾತ್ರಿ 10, ಮೂರು ಹೊತ್ತು (ಶಿಬಿರ ಮುಗಿದ ಮೇಲಿನ ಎರಡು ಓದು ಗುಂಪಿನವರ ಮನೆಯಲ್ಲೇ). ಮಲಗುವ ಜಾಗದಲ್ಲಿ ಒಮ್ಮೆ, ಹೊರಗೆ ಅಂಗಳದಲ್ಲಿ ಒಮ್ಮೆ. ನನ್ನ ಪ್ರಕಾರ ಹತ್ತು ಗಂಟೆಯ ಅಂಕಿಯೇ ಮುಖ್ಯ. ಹಗಲೆಲ್ಲ ಕಾದ ಆರ್‌ಸಿಸಿ ರಾತ್ರಿ ಶಾಖ ಬಿಡುತ್ತದೆ, ಹೊರಗೆ ತಂಪಾದರೂ ಒಳಗೆ ಕುದಿಯುತ್ತಿರುತ್ತದೆ. ಮೈಗೆ ರಾತ್ರಿಯೂ ಬಿಡುವು ಸಿಗದಿದ್ದರೆ ಮುದುಕರಿಗೆ, ಹೃದಯದ ತೊಂದರೆ ಇದ್ದವರಿಗೆ ಅಪಾಯ ಹೆಚ್ಚು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ, 2013ರಲ್ಲಿ ಆ ನಗರ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು. ಸೂರಿಗೆ ಸುಣ್ಣ ಬಳಿಯುವುದೂ ಆಮೇಲೆ ಅದರಲ್ಲಿ ಸೇರಿತು.

ನೀವೂ ಶಾಲೆಯ ಅಡುಗೆಮನೆ ಸೂರಿಗೆ ಅರ್ಧ ಸುಣ್ಣ ಬಳಿಸಿ, ಎರಡೂ ಕಡೆ ಅಳೆಯಿರಿ. ಆದರೆ ಮೇಲೆ ಹತ್ತುವುದು ದೊಡ್ಡವರು, ಅದೂ ಕೆಲಸ ಬಲ್ಲವರು. ಸಿಮೆಂಟ್ ಶೀಟು ಕಾಲಿಟ್ಟರೆ ಮುರಿಯುತ್ತದೆ. ಸುಡುವ ಸುಣ್ಣದ ಹರಳು ತರಬೇಡಿ, ಪುಡಿ ಸುಣ್ಣ ತನ್ನಿ, ಕಣ್ಣಿಗೆ ಕನ್ನಡಕ ಇರಲಿ.

4. ಓಆರ್‌ಎಸ್ (ಮೈ ಕಳೆದುಕೊಂಡ ನೀರು, ಉಪ್ಪು ತುಂಬುವ ದ್ರಾವಣ)

ಒಂದು ಲೀಟರ್ ಕುದಿಸಿ ಆರಿಸಿದ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ತಲೆ ತಟ್ಟಿದ ಚಮಚ. ಗೋಪುರ ಚಮಚ ಹಾಕಿದರೆ ಉಪ್ಪು ದುಪ್ಪಟ್ಟಾಗುತ್ತದೆ, ಸಣ್ಣ ಮಕ್ಕಳಿಗೆ ಅದು ಕೆಟ್ಟದ್ದು. ಪ್ರತಿ ಮಗುವೂ ಕೈಯಾರೆ ಮಾಡಿ ರುಚಿ ನೋಡಲಿ. ಕಣ್ಣೀರಿಗಿಂತ ಉಪ್ಪಾಗಿರಬಾರದು. ಪೊಟ್ಟಣದ್ದಾದರೆ ಇಡೀ ಪೊಟ್ಟಣ, ಒಂದೇ ಸಲಕ್ಕೆ, ಅದರ ಮೇಲೆ ಬರೆದಷ್ಟು ನೀರಿಗೆ. ಲೋಟಕ್ಕೆ ಇಷ್ಟಿಷ್ಟು ಉದುರಿಸುವುದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ! ಮಾಡಿದ್ದನ್ನು 24 ಗಂಟೆಯೊಳಗೆ ಮುಗಿಸಿ.

ಹಣ್ಣಿನ ಚಿತ್ರ ಇರುವ, ಸಿಹಿ ಸಿಹಿ ಡಬ್ಬಿಗಳ ಬಗ್ಗೆ ಹುಷಾರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಓಆರ್‌ಎಸ್ ಅಂತ ಹೆಸರು ಹಾಕಿಕೊಳ್ಳುವಂತಿಲ್ಲ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ. ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ ಇರಬೇಕು. ಮಕ್ಕಳಿಗೆ ಭೂತಗನ್ನಡಿ ಕೊಟ್ಟು ಲೇಬಲ್ ಓದಿಸಿ.

5. ಝಳ ಬಡಿದಾಗ

ಅರ್ಧ ಗಂಟೆಯ ಅಣಕು. ಒಬ್ಬ ಮಲಗಲಿ, ಉಳಿದವರು ಓಡಲಿ. ಮೈ ಸುಡುತ್ತಿದೆ, ಮಾತು ತೊದಲುತ್ತಿದೆ, ಅಸಂಬದ್ಧ ಆಡುತ್ತಿದ್ದಾನೆ ಅಂದರೆ 108ಕ್ಕೆ ಫೋನ್. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸಬೇಕು. ಎಚ್ಚರ ಇಲ್ಲದವರ ಬಾಯಿಗೆ ನೀರು ಬಿಡಬಾರದು. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಝಳ ಬಡಿಯಲ್ಲ ಅಂತ ಯಾವುದಾದರೂ ಮಗು ಹೇಳಿಯೇ ಹೇಳುತ್ತದೆ. ಹಾಗೆ ಹೇಳಿಕೊಟ್ಟ ಅಜ್ಜಿಯನ್ನು ಬಯ್ಯಬೇಡಿ. ಆ ಉಳ್ಳಾಗಡ್ಡಿಯನ್ನು ಮಜ್ಜಿಗೆ ಜೊತೆ ತಿನ್ನು ಅನ್ನಿ.

6. ಡ್ರಮ್ಮಿನ ಹುಳ

ನಲ್ಲಿಯಲ್ಲಿ ನಾಲ್ಕಾರು ದಿನಕ್ಕೊಮ್ಮೆ ನೀರು ಬರುವ ಊರಲ್ಲಿ ಪ್ರತಿ ಮನೆಯಲ್ಲೂ ಡ್ರಮ್ಮು ಇರುತ್ತದೆ. ಅಲ್ಲೇ ಡೆಂಗಿ ಸೊಳ್ಳೆ. ಕರ್ನಾಟಕ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿತ್ತು, ನೆನಪಿದೆ ಅಲ್ವಾ? ಆಶಾ ಕಾರ್ಯಕರ್ತೆಯ ಜೊತೆ ಹೋಗಿ, ಟಾರ್ಚ್ ಬಿಟ್ಟು ನೋಡಿ. ಬೆಳಕಿಗೆ ಹುಳ ಕುಲುಕುತ್ತಾ ಕೆಳಗೆ ಓಡುತ್ತವೆ. ನೂರು ಮನೆಗೆ ಎಷ್ಟರಲ್ಲಿ ಹುಳ ಸಿಕ್ಕಿತು ಎಂದು ಬರೆದುಕೊಳ್ಳಿ. ಫ್ರಿಡ್ಜ್ ಹಿಂದಿನ ತಟ್ಟೆ ಮರೆಯಬೇಡಿ. ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿರುತ್ತದೆ, ತಿಂಗಳುಗಟ್ಟಲೆ ಒಣಗಿದರೂ ಬದುಕಿರುತ್ತದೆ. ಬ್ರಷ್ ಹಾಕಿ ತಿಕ್ಕಲೇಬೇಕು.

7. ಸಮಾರೋಪ

ಭಾಷಣ ಬೇಡ. ಅಂಕಿಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿ. ಮನೆಯವರ ಹೆಸರು ಹಾಕಬೇಡಿ, ಸೂರಿನ ತರಹ ಮಾತ್ರ ಇರಲಿ. ಒಂದು ಪ್ರತಿ ಆರೋಗ್ಯ ಕೇಂದ್ರಕ್ಕೆ. ಥರ್ಮಾಮೀಟರುಗಳನ್ನು ಮುಂದಿನ ವರ್ಷಕ್ಕೆ ಎತ್ತಿಡುವಾಗ ನೆಟ್ಟಗೆ ನಿಲ್ಲಿಸಿ ಇಡಿ, ಮಲಗಿಸಿದರೆ ಕೆಂಪು ಗೆರೆ ತುಂಡಾಗುತ್ತದೆ. ತುಂಡಾದರೆ ಬುರುಡೆಯನ್ನು ಉಪ್ಪು ಬೆರೆಸಿದ ಐಸಿನಲ್ಲಿಟ್ಟು ದ್ರವ ಪೂರ್ತಿ ಕೆಳಗಿಳಿಯಲು ಬಿಡಿ, ಕೂಡಿಕೊಳ್ಳುತ್ತದೆ. ಬಳಸುವ ಮುಂಚೆ ಮತ್ತೆ ಸೊನ್ನೆಗೆ ಸರಿನೋಡಿ.