ಜೀರುಂಡೆ ಬೆನ್ನಿನ ಮೇಲಿನ ಬಿಳಿ ಚುಕ್ಕೆ ಹೋಗಲು

ಜೀರುಂಡೆ, ಇರುವೆಯಂಥ ಹೊಳೆಯುವ ಮೈಯ ಕೀಟಗಳ ಮ್ಯಾಕ್ರೋ (ತೀರಾ ಹತ್ತಿರದ) ಫೋಟೋ ತೆಗೆಯುವಾಗ ಫ್ಲ್ಯಾಶಿನ ಬೆಳಕು ಬೆನ್ನಿನ ಮೇಲೆ ಬಿಳಿ ಚುಕ್ಕೆಯಾಗಿ ಪ್ರತಿಫಲಿಸುತ್ತದೆ. ಅದು ಹೋಗಬೇಕಾದರೆ ಡಿಫ್ಯೂಸರನ್ನು, ಅಂದರೆ ಬೆಳಕನ್ನು ಹರಡಿ ಮೃದುಗೊಳಿಸುವ ಹಾಳೆಯನ್ನು, ಫ್ಲ್ಯಾಶಿನ ಮೂತಿಗೆ ಅಂಟಿಸಬೇಡಿ. ಲೆನ್ಸಿನ ತುದಿಯಿಂದ ಮುಂದಕ್ಕೆ ಬಾಗಿ ಕೀಟದ ಮೇಲೆ ಚಪ್ಪರದ ಹಾಗೆ ಬರುವಂತೆ ಕಟ್ಟಿ. ಎ4 ಅಳತೆಯ ಟ್ರೇಸಿಂಗ್ ಪೇಪರ್ ಸಾಕು, ಕೀಟಕ್ಕೂ ಅದಕ್ಕೂ 5ರಿಂದ 8 ಸೆಂ.ಮೀ. ಅಂತರವಿರಲಿ. ಬೆಳಕು ಮೃದುವಾಗುವುದು ಹಾಳೆಯ ದಪ್ಪದಿಂದಲ್ಲ, ಕೀಟ ಇರುವ ಜಾಗದಿಂದ ನೋಡಿದರೆ ಬೆಳಗಿದ ಹಾಳೆ ಎಷ್ಟು ಅಗಲವಾಗಿ ಕಾಣುತ್ತದೆ ಎಂಬುದರಿಂದ. ಇಷ್ಟಾದರೂ ಬೆನ್ನಿನ ಮೇಲೆ ಉರಿಯುವ ಚುಕ್ಕೆ ಉಳಿದರೆ ಹಾಳೆಯ ನಡುಭಾಗ ಮಾತ್ರ ಬೆಳಗುತ್ತಿದೆ ಎಂದರ್ಥ, 2 ಸೆಂ.ಮೀ. ಬಿಟ್ಟು ಇನ್ನೊಂದು ಪದರ ಹಾಕಿ. ಮ್ಯಾನುಯಲ್ ಮೋಡ್, 1/200 ಸೆಕೆಂಡ್, ಲೆನ್ಸಿನ ಕಿಂಡಿ (ಅಪರ್ಚರ್) ಎಫ್/11, ಐಎಸ್ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 200, ಫ್ಲ್ಯಾಶ್ 1/8 ಪವರ್‌ನಿಂದ ಶುರುಮಾಡಿ. ಕತ್ತಲಾದರೆ ಐಎಸ್ಒ ಏರಿಸಿ, ಫ್ಲ್ಯಾಶನ್ನಲ್ಲ: ಪವರ್ ಹೆಚ್ಚಿದಷ್ಟೂ ಮಿಂಚಿನ ಅವಧಿ ಉದ್ದವಾಗಿ ಮೀಸೆ ಅಲುಗಿದ್ದೂ ಕಾಣುತ್ತದೆ. ಎಫ್/16 ದಾಟಬೇಡಿ, ಸಾಮಾನ್ಯ ಲೆನ್ಸಿನಲ್ಲಿ 1:1 ವರ್ಧನೆಗೆ (ಕೀಟ ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುವಾಗ) ಎಫ್/11 ಆಗಲೇ ಎಫ್/22ರಷ್ಟು ಕಿರಿದಾಗಿ ಕೆಲಸ ಮಾಡುತ್ತಿರುತ್ತದೆ, ಇನ್ನೂ ಮುಚ್ಚಿದರೆ ಕಣ್ಣಿನ ಜಾಲರಿಯ ವಿವರ ಮಸುಕಾಗುತ್ತದೆ. ಹಿನ್ನೆಲೆ ಕಪ್ಪಾದರೆ ಕೀಟದ ಹಿಂದೆ 5 ಸೆಂ.ಮೀ. ದೂರದಲ್ಲಿ ಒಂದು ಹಸಿರೆಲೆ ಹಿಡಿಯಿರಿ. ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳಿಗೆ ಈ ಉಪಾಯ ನಡೆಯದು, ಹಾಳೆ ಹತ್ತಿರ ಬಂದರೆ ಸಾಕು ಹಾರಿಬಿಡುತ್ತವೆ. ಅವು ಇನ್ನೂ ಚಳಿಗೆ ಮರಗಟ್ಟಿ ಕೂತಿರುವ ಬೆಳಗಿನ ಜಾವದಲ್ಲಿ ಮಾತ್ರ ಪ್ರಯತ್ನಿಸಬಹುದು. ಹಾಗೆಂದು ಕೀಟವನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿಸಬೇಡಿ, ದಯವಿಟ್ಟು.